ಧೂಮಪಾನ ಸಂಶೋಧನೆಯ ಪ್ರಯೋಗಾಲಯದಲ್ಲಿ ಪರೋಕ್ಷ ಹೊಗೆಯನ್ನು ನಿಭಾಯಿಸುವ ಬಗೆ

ಧೂಮಪಾನಿಗಳ ವರ್ತನೆಯನ್ನು ಅಧ್ಯಯನ ಮಾಡುವ ಪ್ರಯೋಗಾಲಯಗಳಲ್ಲಿ ಸ್ವಯಂಸೇವಕರೊಬ್ಬರು ಒಂದು ಕೋಣೆಯಲ್ಲಿ ಕುಳಿತು ಸಿಗರೇಟು ಅಥವಾ ಬೀಡಿ ಸೇದುತ್ತಾರೆ. ಎಷ್ಟು ದಮ್ಮು ಎಳೆದರು, ಪ್ರತಿ ದಮ್ಮಿನ ಗಾತ್ರವೆಷ್ಟು, ಎರಡು ದಮ್ಮುಗಳ ನಡುವಿನ ಅಂತರವೆಷ್ಟು ಎಂಬುದನ್ನು ಒಂದು ಉಪಕರಣ ದಾಖಲಿಸುತ್ತದೆ. ಸೇದುವ ಮೊದಲು ಮತ್ತು ನಂತರ ಉಸಿರಿನಲ್ಲಿರುವ ಕಾರ್ಬನ್ ಮಾನಾಕ್ಸೈಡನ್ನು ಅಳೆಯಲಾಗುತ್ತದೆ. ಇಂಥ ಅಧ್ಯಯನಗಳ ಪ್ರಸ್ತಾವದಲ್ಲಿ ಸ್ವಯಂಸೇವಕರ ಸುರಕ್ಷತೆಗೆ ಹಲವು ಪುಟಗಳು ಮೀಸಲಾಗಿರುತ್ತವೆ, ಆದರೆ ಅದೇ ಕೋಣೆಯಲ್ಲಿ ದಿನಕ್ಕೆ ಹಲವು ಬಾರಿ ಹೊಗೆಯ ನಡುವೆ ನಿಲ್ಲಬೇಕಾದ ಸಂಶೋಧನಾ ಸಹಾಯಕರಿಗೆ ಮತ್ತು ಸಂಜೆ ಆ ಕೋಣೆಯನ್ನು ಗುಡಿಸುವವರಿಗೆ ಒಂದೆರಡು ಸಾಲು ಸಿಕ್ಕಿದರೆ ಹೆಚ್ಚು. ಈ ಬರಹ ಆ ಕೊರತೆಯನ್ನು ತುಂಬಲು ಹೊರಟಿರುವವರಿಗೆ, ಅದರಲ್ಲೂ ನಮ್ಮ ವೈದ್ಯಕೀಯ ಕಾಲೇಜು ಅಥವಾ ವಿಶ್ವವಿದ್ಯಾಲಯದ ಸಾಧಾರಣ ಕಟ್ಟಡವೊಂದರಲ್ಲಿ ಇಂಥ ಕೋಣೆಯನ್ನು ಸಿದ್ಧಪಡಿಸಬೇಕಾದವರಿಗೆ.

ಕೋಣೆಯ ವಿಚಾರಕ್ಕೆ ಹೋಗುವ ಮುನ್ನ ಒಂದು ಮಾತನ್ನು ಖಚಿತಪಡಿಸಿಕೊಳ್ಳಬೇಕು. ಪರೋಕ್ಷ ಹೊಗೆಗೆ, ಅಂದರೆ ಬೇರೊಬ್ಬರು ಸೇದುವಾಗ ಸುತ್ತಲಿನವರು ಉಸಿರಾಡಬೇಕಾಗುವ ಹೊಗೆಗೆ, ಅಪಾಯವಿಲ್ಲದ ಪ್ರಮಾಣವೆಂಬುದಿಲ್ಲ ಎಂದು ಅಮೆರಿಕದ ಸರ್ಜನ್ ಜನರಲ್ ಅವರ 2006ರ ವರದಿ ಸ್ಪಷ್ಟವಾಗಿ ಹೇಳಿದೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೂ ವರ್ಗೀಕರಿಸಿದೆ. ಆದ್ದರಿಂದ ಒಳ್ಳೆಯ ಫ್ಯಾನ್ ಹಾಕಿಸಿದ್ದೇವೆ, ಇನ್ನು ಚಿಂತೆಯಿಲ್ಲ ಎಂಬ ನಿಲುವಿಗೆ ಆಧಾರವಿಲ್ಲ. ಗಾಳಿಯ ವ್ಯವಸ್ಥೆಯು ಹೊಗೆಯನ್ನು ಬೇಗ ಹೊರಹಾಕಬಲ್ಲದು ಮತ್ತು ಪಕ್ಕದ ಕೋಣೆಗೆ ಹರಡದಂತೆ ತಡೆಯಬಲ್ಲದು; ಸಿಗರೇಟು ಉರಿಯುತ್ತಿರುವಾಗ ಅದೇ ಕೋಣೆಯಲ್ಲಿರುವವರನ್ನು ಮಾತ್ರ ಅದು ಕಾಪಾಡಲಾರದು. ಅವರನ್ನು ಕಾಪಾಡಬೇಕಾದರೆ ಅವರು ಅಲ್ಲಿ ಇರಬಾರದು.

ಮೊದಲು ಹೊಗೆಯನ್ನೇ ಕಡಿಮೆ ಮಾಡಿ

ಪ್ರಸ್ತಾವ ಬರೆಯುವಾಗಲೇ ಕೇಳಿಕೊಳ್ಳಬೇಕಾದ ಪ್ರಶ್ನೆಯೆಂದರೆ, ಈ ಅಧ್ಯಯನದಲ್ಲಿ ಕಟ್ಟಡದ ಒಳಗೆ ಸಿಗರೇಟು ಹಚ್ಚುವುದು ನಿಜವಾಗಿಯೂ ಅಗತ್ಯವೇ ಎಂಬುದು. ಹಲವು ಪ್ರಶ್ನೆಗಳಿಗೆ ಸ್ವಯಂಸೇವಕರು ತಮ್ಮ ಎಂದಿನ ಜಾಗದಲ್ಲೇ ಸೇದಿ, ಸಣ್ಣದೊಂದು ಉಪಕರಣದಲ್ಲಿ ದಾಖಲೆ ಮಾಡಿಕೊಂಡು ಬಂದರೆ ಸಾಕಾಗುತ್ತದೆ. ರಕ್ತದ ನಿಕೋಟಿನ್ ಪ್ರಮಾಣವನ್ನು ನಿಮಿಷ ನಿಮಿಷಕ್ಕೆ ಅಳೆಯಬೇಕಾದ ಅಧ್ಯಯನಕ್ಕೆ ಮಾತ್ರ ಒಳಕೋಣೆ ಅನಿವಾರ್ಯವಾಗಬಹುದು. ಒಳಗೇ ಸೇದಿಸಬೇಕೆಂದಾದರೆ ಎಷ್ಟು ಸಿಗರೇಟು ಬೇಕು, ಪೂರ್ತಿ ಸೇದಬೇಕೇ ಅಥವಾ ನಿಗದಿತ ಸಂಖ್ಯೆಯ ದಮ್ಮುಗಳ ನಂತರ ನಂದಿಸಬಹುದೇ ಎಂಬುದನ್ನು ಕಟ್ಟುನಿಟ್ಟಾಗಿ ನಿರ್ಧರಿಸಿ. ಪರೋಕ್ಷ ಹೊಗೆಯ ಬಹುಪಾಲು, ಸುಮಾರು ಶೇಕಡಾ 85ರಷ್ಟು, ಎರಡು ದಮ್ಮುಗಳ ನಡುವೆ ಸಿಗರೇಟಿನ ತುದಿಯಿಂದ ಏಳುವಂಥದ್ದು. ಸೇದುವವರು ಹೊರಬಿಡುವ ಹೊಗೆ ಉಳಿದ ಚಿಕ್ಕ ಪಾಲು. ಹೀಗಾಗಿ ಬೂದಿತಟ್ಟೆಯ ಮೇಲೆ ಸುಮ್ಮನೆ ಉರಿಯುತ್ತಿರುವ ಸಿಗರೇಟೇ ಕೋಣೆಯ ಗಾಳಿಯನ್ನು ಹೆಚ್ಚು ಕೆಡಿಸುತ್ತದೆ. ಕೊನೆಯ ದಮ್ಮು ಮುಗಿದ ಕೂಡಲೇ ಅದನ್ನು ಒದ್ದೆ ಮರಳಿನಲ್ಲಿ ಒತ್ತಿ ಮುಚ್ಚಳ ಹಾಕುವುದನ್ನು ಸ್ವಯಂಸೇವಕರಿಗೆ ಮೊದಲೇ ಕಲಿಸಿಕೊಡಬೇಕು.

ಸಿಗರೇಟಿನ ಬದಲು ಇ-ಸಿಗರೇಟು ಬಳಸಿದರೆ ಹೊಗೆಯ ಸಮಸ್ಯೆ ತಗ್ಗುವುದಿಲ್ಲವೇ ಎಂದು ಹೊರದೇಶದ ಪ್ರಬಂಧಗಳನ್ನು ಓದಿದವರಿಗೆ ಅನ್ನಿಸಬಹುದು. ಭಾರತದಲ್ಲಿ 2019ರ ಕಾಯ್ದೆಯು ಅವುಗಳ ತಯಾರಿಕೆ, ಆಮದು, ಮಾರಾಟ, ವಿತರಣೆ ಮತ್ತು ದಾಸ್ತಾನನ್ನು ನಿಷೇಧಿಸಿರುವುದರಿಂದ ಆ ದಾರಿ ಇಲ್ಲಿಲ್ಲ.

ಕಾನೂನು ಮತ್ತು ನೈತಿಕ ಅನುಮತಿ

ಕೋಟ್ಪಾ ಎಂದು ಕರೆಯಲಾಗುವ 2003ರ ತಂಬಾಕು ನಿಯಂತ್ರಣ ಕಾಯ್ದೆಯ 4ನೇ ಸೆಕ್ಷನ್ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸುತ್ತದೆ. ಆಸ್ಪತ್ರೆ, ಶಿಕ್ಷಣ ಸಂಸ್ಥೆ, ಕಚೇರಿಗಳೆಲ್ಲ ಈ ವ್ಯಾಖ್ಯೆಯ ಒಳಗೆ ಬರುತ್ತವೆ. ಪ್ರತ್ಯೇಕ ಧೂಮಪಾನ ಪ್ರದೇಶಕ್ಕೆ ಆ ಸೆಕ್ಷನ್ ಅವಕಾಶ ನೀಡುವುದು 30 ಕೋಣೆಗಳ ಹೋಟೆಲು, 30 ಆಸನಗಳ ರೆಸ್ಟೋರೆಂಟು ಮತ್ತು ವಿಮಾನ ನಿಲ್ದಾಣಗಳಿಗೆ. ಪ್ರಯೋಗಾಲಯದ ಹೆಸರು ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಸಂಸ್ಥೆಯ ಕಾನೂನು ಸಲಹೆಗಾರರ ಲಿಖಿತ ಅಭಿಪ್ರಾಯವನ್ನು ಮತ್ತು ಅವರು ಸೂಚಿಸುವ ಅಧಿಕಾರಿಯ ಅನುಮತಿಯನ್ನು ಪಡೆಯದೆ ಗೋಡೆಗೆ ಒಂದು ರಂಧ್ರವನ್ನೂ ಕೊರೆಯಬೇಡಿ. ಕೊಳವೆ, ಫ್ಯಾನುಗಳಿಗೆ ಹಣ ಸುರಿದ ಮೇಲೆ ಈ ಪ್ರಶ್ನೆ ಎದ್ದರೆ ಯಾರಿಗೂ ಒಳ್ಳೆಯದಾಗುವುದಿಲ್ಲ. ಕರ್ನಾಟಕದ ತಿದ್ದುಪಡಿಯು ತಂಬಾಕು ಮಾರಾಟದ ವಯೋಮಿತಿಯನ್ನು 21ಕ್ಕೆ ಏರಿಸಿರುವುದರಿಂದ ಇಲ್ಲಿನ ಅಧ್ಯಯನಗಳು ಅದಕ್ಕಿಂತ ಚಿಕ್ಕವರನ್ನು ಸೇರಿಸಿಕೊಳ್ಳದಿರುವುದೇ ಸರಿ.

ನೈತಿಕ ಸಮಿತಿಯ ಮುಂದೆ ಹೋಗುವಾಗ ಸ್ವಯಂಸೇವಕರ ಒಪ್ಪಿಗೆ ಪತ್ರದ ಜೊತೆಗೆ ಸಿಬ್ಬಂದಿಗೂ ಒಂದು ಮಾಹಿತಿ ಪತ್ರವನ್ನು ಇಡಿ. ಹೊಗೆಗೆ ಒಡ್ಡಿಕೊಳ್ಳಬೇಕಾದ ಕೆಲಸ ಯಾವುದು, ಎಷ್ಟು ಹೊತ್ತು, ಅದನ್ನು ಮಾಡಲು ಒಲ್ಲೆನೆಂದರೆ ಬದಲಿ ಕೆಲಸವೇನು ಎಂಬುದು ಅದರಲ್ಲಿರಲಿ. ಗರ್ಭಿಣಿಯರಿಗೆ, ಆಸ್ತಮಾ ಅಥವಾ ಹೃದ್ರೋಗ ಇರುವವರಿಗೆ ಆ ಕೋಣೆಯ ಕೆಲಸವನ್ನು ಹಚ್ಚಬಾರದು. ಆದರೆ ಕಾರಣ ಹೇಳಿದವರಿಗೆ ಮಾತ್ರ ವಿನಾಯಿತಿ ಎಂದು ನಿಯಮ ಮಾಡಿದರೆ ಗರ್ಭಧಾರಣೆಯನ್ನೋ ಕಾಯಿಲೆಯನ್ನೋ ಮೇಲಧಿಕಾರಿಗೆ ಬಲವಂತವಾಗಿ ತಿಳಿಸಿದಂತಾಗುತ್ತದೆ. ಕಾರಣ ಕೇಳದೆ ಒಪ್ಪಿಕೊಳ್ಳುವ ವ್ಯವಸ್ಥೆಯೇ ಮೇಲು. ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಮಾರ್ಗದರ್ಶಕರಿಗೆ ಒಲ್ಲೆ ಎನ್ನುವುದು ನಮ್ಮಲ್ಲಿ ಎಷ್ಟು ಕಷ್ಟವೆಂದು ಎಲ್ಲರಿಗೂ ಗೊತ್ತಿರುವುದರಿಂದ, ಈ ಒಪ್ಪಿಗೆಯನ್ನು ಮಾರ್ಗದರ್ಶಕರಲ್ಲದ ಬೇರೊಬ್ಬರು ಪಡೆಯುವುದು ಒಳಿತು.

ಕೋಣೆ ಮತ್ತು ಗಾಳಿ

ಇಲ್ಲಿ ಸ್ವಲ್ಪ ನಿಧಾನಿಸಿ ಲೆಕ್ಕ ಹಾಕುವುದು ಅಗತ್ಯ. 3 ಮೀಟರ್ ಅಗಲ, 4 ಮೀಟರ್ ಉದ್ದ, 3 ಮೀಟರ್ ಎತ್ತರದ ಕೋಣೆಯನ್ನು ತೆಗೆದುಕೊಳ್ಳೋಣ; ಅದರ ಗಾತ್ರ 36 ಘನ ಮೀಟರ್. ಒಂದು ಸಿಗರೇಟು ಸುಮಾರು 10 ನಿಮಿಷ ಉರಿದು 10 ಮಿಲಿಗ್ರಾಂನಷ್ಟು ಸೂಕ್ಷ್ಮ ಕಣಗಳನ್ನು, ಅಂದರೆ ಪಿಎಂ 2.5 ಎಂದು ಕರೆಯುವಂಥವನ್ನು, ಹೊರಹಾಕುತ್ತದೆ ಎಂದಿಟ್ಟುಕೊಳ್ಳಿ. ಗಾಳಿ ಬದಲಾಗದೆ ನಿಂತಿದ್ದರೆ ಕೋಣೆಯ ಪ್ರತಿ ಘನ ಮೀಟರಿನಲ್ಲಿ ಸುಮಾರು 280 ಮೈಕ್ರೋಗ್ರಾಂ ಕಣಗಳು ಸೇರುತ್ತವೆ. ಇಡೀ ದಿನದ ಸರಾಸರಿಗೆ ಭಾರತದ ಮಾನದಂಡ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ 15. ಈಗ ಅದೇ ಕೋಣೆಯ ಗಾಳಿಯನ್ನು ಗಂಟೆಗೆ 12 ಬಾರಿ ಪೂರ್ತಿ ಬದಲಿಸುವಷ್ಟು, ಅಂದರೆ ಗಂಟೆಗೆ 432 ಘನ ಮೀಟರ್ ಎಳೆಯುವಷ್ಟು ಶಕ್ತಿಯ ಫ್ಯಾನ್ ಹಾಕಿದೆವೆನ್ನಿ. ಸಿಗರೇಟು ನಂದಿಸುವ ಹೊತ್ತಿಗೆ ಪ್ರಮಾಣ ಸುಮಾರು 120 ಮೈಕ್ರೋಗ್ರಾಂ ಮುಟ್ಟಿರುತ್ತದೆ. ಅರ್ಧಕ್ಕಿಂತ ಕಡಿಮೆಯಾಯಿತು ನಿಜ, ಆದರೆ ಅದು ಉಸಿರಾಡಲು ಯೋಗ್ಯವಾದ ಗಾಳಿಯಲ್ಲ. ಆಸ್ಪತ್ರೆಗಳಲ್ಲಿ ಗಾಳಿಯಿಂದ ಹರಡುವ ಸೋಂಕಿನ ರೋಗಿಗಳನ್ನು ಇರಿಸುವ ಪ್ರತ್ಯೇಕ ಕೋಣೆಗಳಿಗೆ ಹೇಳುವ ಅಳತೆಯೂ ಗಂಟೆಗೆ 12 ಬದಲಾವಣೆಯೇ ಆಗಿರುವುದರಿಂದ ಅದನ್ನು ಕನಿಷ್ಠ ಗುರಿಯಾಗಿ ಇಟ್ಟುಕೊಳ್ಳಬಹುದು.

ಫ್ಯಾನಿನ ನಿಜವಾದ ಉಪಯೋಗ ಕಾಣುವುದು ಸಿಗರೇಟು ನಂದಿದ ಮೇಲೆ. ಗಂಟೆಗೆ 12 ಬದಲಾವಣೆಯಿದ್ದರೆ ಹೊಗೆಯ ಶೇಕಡಾ 99 ಭಾಗ ಹೊರಹೋಗಲು 23 ನಿಮಿಷ, ಶೇಕಡಾ 99.9 ಹೋಗಲು 35 ನಿಮಿಷ ಬೇಕು. 6 ಬದಲಾವಣೆಯಿದ್ದರೆ ಇದೇ ಲೆಕ್ಕ 46 ಮತ್ತು 69 ನಿಮಿಷಕ್ಕೆ ಏರುತ್ತದೆ. ಇವೆಲ್ಲ ಗಾಳಿ ಚೆನ್ನಾಗಿ ಬೆರೆಯುವ ಆದರ್ಶ ಕೋಣೆಯ ಲೆಕ್ಕಗಳು. ಮೂಲೆಗಳಲ್ಲಿ ಗಾಳಿ ನಿಲ್ಲುವ ವಾಸ್ತವದ ಕೋಣೆಗೆ ಕಾಯುವ ಸಮಯವನ್ನು ಹೆಚ್ಚಿಸಿಕೊಳ್ಳಬೇಕು. ಒಬ್ಬ ಸ್ವಯಂಸೇವಕರು ಹೋದ ಕೂಡಲೇ ಇನ್ನೊಬ್ಬರನ್ನು ಕೂರಿಸುವ ವೇಳಾಪಟ್ಟಿಯನ್ನು ಮಾಡಬಾರದು ಎಂಬುದಕ್ಕೆ ಇದೇ ಕಾರಣ.

ನಮ್ಮ ಕಟ್ಟಡಗಳಲ್ಲಿ ಮೇಲಿಂದ ಮೇಲೆ ಕಾಣುವ ತಪ್ಪುಕಲ್ಪನೆಯೊಂದಿದೆ: ಸ್ಪ್ಲಿಟ್ ಎ.ಸಿ. ಇರುವ ಕೋಣೆಯಲ್ಲಿ ಗಾಳಿಯ ವ್ಯವಸ್ಥೆ ಇದೆ ಎಂದು ಭಾವಿಸುವುದು. ಅದು ಕೋಣೆಯ ಗಾಳಿಯನ್ನೇ ತಿರುಗಿ ತಿರುಗಿ ತಂಪು ಮಾಡುತ್ತದೆಯೇ ಹೊರತು ಹೊರಗಿನಿಂದ ಒಂದು ಹಿಡಿ ಗಾಳಿಯನ್ನೂ ತರುವುದಿಲ್ಲ. ಕಿಟಕಿ ಬಾಗಿಲು ಮುಚ್ಚಿ ಎ.ಸಿ. ಹಾಕಿದ ಕೋಣೆಯ ಗಾಳಿ ಸಂದುಗಳ ಮೂಲಕ ಗಂಟೆಗೆ ಅರ್ಧದಷ್ಟು ಮಾತ್ರ ಬದಲಾಗುತ್ತದೆಂದು ಹಿಡಿದರೆ, ಗಾಳಿಯ ಬದಲಾವಣೆಯೊಂದರಿಂದಲೇ ಶೇಕಡಾ 99 ಹೊಗೆ ಹೋಗಲು 9 ಗಂಟೆಗೂ ಹೆಚ್ಚು ಬೇಕು. ಕಟ್ಟಡಕ್ಕೆಲ್ಲ ಒಂದೇ ಕೇಂದ್ರೀಯ ಎ.ಸಿ. ಇದ್ದರೆ ಇನ್ನೂ ಕೆಟ್ಟದ್ದು, ಏಕೆಂದರೆ ಮರಳುವ ಗಾಳಿಯ ಕೊಳವೆಯು ಹೊಗೆಯನ್ನು ಎಲ್ಲ ಕೋಣೆಗಳಿಗೂ ಹಂಚುತ್ತದೆ. ಧೂಮಪಾನ ಕೋಣೆಯ ಮರಳುಗಾಳಿಯ ಕಿಂಡಿಯನ್ನು ಶಾಶ್ವತವಾಗಿ ಮುಚ್ಚಿಸಿ, ಅಲ್ಲಿಗೆ ಪ್ರತ್ಯೇಕ ಹೊರಹರಿವನ್ನು ಕೊಡಬೇಕು. ಸೀಲಿಂಗ್ ಫ್ಯಾನು ಹೊಗೆಯನ್ನು ಬಾಗಿಲಿನ ಕಡೆಗೂ ತಳ್ಳುವುದರಿಂದ ಅದನ್ನು ತೆಗೆಸಿಬಿಡುವುದೇ ಲೇಸು.

ಕೋಣೆಯು ಸುತ್ತಲಿನ ಜಾಗಕ್ಕಿಂತ ಕಡಿಮೆ ಒತ್ತಡದಲ್ಲಿರಬೇಕು. ಅಂದರೆ ಒಳಬರುವ ಗಾಳಿಗಿಂತ ಹೊರಗೆಳೆಯುವ ಗಾಳಿ ಕನಿಷ್ಠ ಶೇಕಡಾ 10ರಷ್ಟು ಹೆಚ್ಚಿರಬೇಕು, ಕೊರತೆ ಬೀಳುವ ಗಾಳಿ ಬಾಗಿಲಿನ ಅಡಿಯ ಸಂದಿನಿಂದ ಒಳಕ್ಕೆ ಹರಿಯಬೇಕು. ಬಾಗಿಲಿಗೆ ತಾನಾಗಿ ಮುಚ್ಚಿಕೊಳ್ಳುವ ಸಾಧನ ಹಾಕಿಸಿ. ಸಾಧ್ಯವಿದ್ದರೆ ಎರಡು ಬಾಗಿಲುಗಳ ನಡುವೆ ಪುಟ್ಟ ಮಧ್ಯಕೋಣೆಯಿರಲಿ. ಗಾಳಿಯ ದಿಕ್ಕನ್ನು ನೋಡಲು ದುಬಾರಿ ಉಪಕರಣವೇನೂ ಬೇಕಿಲ್ಲ: ಹಚ್ಚಿದ ಊದುಬತ್ತಿಯನ್ನು ಹೊರಗಡೆ ನಿಂತು ಬಾಗಿಲಿನ ಅಡಿಯ ಸಂದಿಗೆ ಹಿಡಿದರೆ ಹೊಗೆ ಒಳಕ್ಕೆ ಎಳೆದುಕೊಳ್ಳಬೇಕು. ಎಲ್ಲೆಲ್ಲೋ ಸುಳಿದಾಡಿದರೆ ಅಥವಾ ಹೊರಕ್ಕೆ ಬಂದರೆ ಆ ದಿನ ಪ್ರಯೋಗವಿಲ್ಲ. ಈ ಪರೀಕ್ಷೆಯನ್ನು ಪ್ರತಿದಿನ ಬೆಳಿಗ್ಗೆ ಮಾಡಿ, ಆದರೆ ಕಣಗಳ ಮಾಪಕವನ್ನು ಚಾಲೂ ಮಾಡುವುದಕ್ಕೆ ಸಾಕಷ್ಟು ಮೊದಲೇ ಮಾಡಿ ಮುಗಿಸಿ. ಊದುಬತ್ತಿಯ ಹೊಗೆಯನ್ನೂ ಆ ಯಂತ್ರ ಎಣಿಸುತ್ತದೆ.

ಹೊರಹಾಕುವ ಫ್ಯಾನನ್ನು ಕೋಣೆಯ ಗೋಡೆಯಲ್ಲಿ ಇಡುವ ಬದಲು ಕೊಳವೆಯ ಹೊರತುದಿಯಲ್ಲಿ, ಅಂದರೆ ಚಾವಣಿಯ ಮೇಲೆ ಇಡಿಸಿ. ಆಗ ಕಟ್ಟಡದೊಳಗಿನ ಕೊಳವೆಯುದ್ದಕ್ಕೂ ಒತ್ತಡ ಕಡಿಮೆಯಿದ್ದು, ಬೆಸುಗೆ ಬಿಟ್ಟಲ್ಲಿಯೂ ಹೊಗೆ ಸೋರುವುದಿಲ್ಲ. ಬಾಯಿಯು ಯಾವುದೇ ಕಿಟಕಿಯಿಂದ ಅಥವಾ ಗಾಳಿ ಒಳಗೆಳೆಯುವ ಕಿಂಡಿಯಿಂದ ಕನಿಷ್ಠ 8 ಮೀಟರ್ ದೂರದಲ್ಲಿದ್ದು ಮೇಲ್ಮುಖವಾಗಿರಲಿ. ಮಳೆ ನೀರಿಗೆಂದು ಕೊಡೆಯಂಥ ಮುಚ್ಚಳ ಹಾಕಿಸುವುದು ನಮ್ಮ ಗುತ್ತಿಗೆದಾರರ ರೂಢಿ. ಅದು ಹೊಗೆಯನ್ನು ಕೆಳಕ್ಕೆ ತಿರುಗಿಸಿ ಪಕ್ಕದ ವಾರ್ಡಿನ ಕಿಟಕಿಗೆ ಮುಟ್ಟಿಸುತ್ತದೆ. ನೀರು ಹರಿದುಹೋಗಲು ಕೊಳವೆಯ ತಳದಲ್ಲಿ ದಾರಿ ಬಿಟ್ಟರೆ ಸಾಕು. ಸೇದುವವರ ಮುಂದೆ ಎಳೆಬಾಯಿಯೊಂದನ್ನು ಹೆಚ್ಚುವರಿಯಾಗಿ ಇಡಬಹುದು, ಆದರೆ ಅದನ್ನು ಹತ್ತಿರವೇ ಇಡಬೇಕು, ಏಕೆಂದರೆ ಬಾಯಿಯ ವ್ಯಾಸದಷ್ಟು ದೂರ ಹೋಗುವಷ್ಟರಲ್ಲಿ ಎಳೆಯುವ ವೇಗ ಹತ್ತರಲ್ಲೊಂದು ಪಾಲಿಗೆ ಇಳಿದಿರುತ್ತದೆ.

ಹೆಪಾ ಎಂಬ ಅತಿ ಸೂಕ್ಷ್ಮ ಸೋಸುಕವಿರುವ ಗಾಳಿ ಶುದ್ಧೀಕರಣ ಯಂತ್ರವು ಕಣಗಳನ್ನು ಚೆನ್ನಾಗಿ ಹಿಡಿಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಮತ್ತು ಇತರ ಅನಿಲಗಳು ಅದರ ಮೂಲಕ ನಿರಾಯಾಸವಾಗಿ ದಾಟುತ್ತವೆ. ಇದ್ದಿಲಿನ ಪದರ ಕೆಲವು ಆವಿಗಳನ್ನು ಹೀರಿಕೊಂಡರೂ ಕಾರ್ಬನ್ ಮಾನಾಕ್ಸೈಡನ್ನು ಹಿಡಿಯದು. ಹೊರಹರಿವಿನ ಜೊತೆಗೆ ಇಂಥ ಯಂತ್ರವಿದ್ದರೆ ಇರಲಿ, ಅದರ ಬದಲಿಗೆ ಬೇಡ. ಓಝೋನ್ ಬಿಡುವ ಯಂತ್ರಗಳಂತೂ ಬೇಡವೇ ಬೇಡ.

ಅಗ್ನಿಶಾಮಕ ಎಚ್ಚರಿಕೆಯ ಹೊಗೆ ಸಂವೇದಕಕ್ಕೆ ಪಾಲಿಥಿನ್ ಚೀಲ ಕಟ್ಟುವುದು ಅಪರಾಧಕ್ಕೆ ಸಮಾನವಾದ ಅವಿವೇಕ. ಅಗ್ನಿ ಸುರಕ್ಷತಾ ಅಧಿಕಾರಿಯ ಲಿಖಿತ ಒಪ್ಪಿಗೆಯಿಂದ ಆ ಕೋಣೆಗೆ ಶಾಖ ಸಂವೇದಕವನ್ನು ಹಾಕಿಸಿ. ಸ್ಪಿರಿಟ್, ಆಮ್ಲಜನಕದ ಸಿಲಿಂಡರ್ ಆ ಕೋಣೆಯ ಹತ್ತಿರ ಸುಳಿಯಬಾರದು.

ಪ್ರಯೋಗದ ಹೊತ್ತಿನಲ್ಲಿ

ಗಾಜಿನ ಕಿಟಕಿ, ಕ್ಯಾಮೆರಾ ಮತ್ತು ಇಂಟರ್ಕಾಮ್ ಇದ್ದರೆ ಸಹಾಯಕರು ಪಕ್ಕದ ಕೋಣೆಯಿಂದಲೇ ಎಲ್ಲವನ್ನೂ ನಡೆಸಬಹುದು. ದಮ್ಮು ಅಳೆಯುವ ಉಪಕರಣವನ್ನು ಜೋಡಿಸುವುದು, ರಕ್ತ ತೆಗೆಯಲು ಸೂಜಿ ಇಡುವುದು ಮುಂತಾದ ಹತ್ತಿರದ ಕೆಲಸಗಳನ್ನೆಲ್ಲ ಸಿಗರೇಟು ಹಚ್ಚುವ ಮೊದಲೇ ಮುಗಿಸಿ. ಉದ್ದನೆಯ ನಳಿಕೆ ಬಳಸಿ ಗೋಡೆಯ ಕಿಂಡಿಯ ಮೂಲಕ ರಕ್ತ ಪಡೆಯುವ ವ್ಯವಸ್ಥೆಯೂ ಅಸಾಧ್ಯವೇನಲ್ಲ. ಸಿಗರೇಟನ್ನು ಸ್ವಯಂಸೇವಕರೇ ಹಚ್ಚಿಕೊಳ್ಳಲಿ. ಮುಗಿದ ಮೇಲೆ ಅವರು ಒಂದೆರಡು ನಿಮಿಷ ಅಲ್ಲಿಯೇ ಕುಳಿತು ಉಸಿರಾಡಿ ಹೊರಬರಬೇಕು, ಏಕೆಂದರೆ ಕೊನೆಯ ದಮ್ಮಿನ ನಂತರವೂ ಕೆಲವು ಉಸಿರುಗಳಲ್ಲಿ ಹೊಗೆ ಉಳಿದಿರುತ್ತದೆ.

ತುರ್ತು ಪರಿಸ್ಥಿತಿಗೆ ನಿಯಮ ಬೇರೆ. ಸ್ವಯಂಸೇವಕರಿಗೆ ತಲೆಸುತ್ತು ಬಂದರೆ ಅಥವಾ ಅವರು ಕುಸಿದರೆ ಹೊಗೆಯ ಲೆಕ್ಕ ನೋಡದೆ ಒಳಗೆ ಹೋಗಬೇಕು. ಬಾಗಿಲಿನ ಬಳಿ ಎನ್95 ಮುಖಗವಸನ್ನು ನೇತುಹಾಕಿಡಿ, ಅದು ಕಣಗಳನ್ನು ತಡೆಯುತ್ತದೆ; ಅನಿಲಗಳನ್ನು ತಡೆಯದಿರುವುದರಿಂದ ಅದನ್ನೇ ನಂಬಿ ದಿನನಿತ್ಯ ಒಳಗೆ ಕೂರುವಂತಿಲ್ಲ. ಕರೆಂಟು ಹೋದರೆ ಆ ಕ್ಷಣವೇ ಸಿಗರೇಟು ನಂದಬೇಕು. ಫ್ಯಾನಿಗೆ ಜನರೇಟರ್ ಅಥವಾ ಯುಪಿಎಸ್ ಸಂಪರ್ಕ ಕೊಡಿಸುವುದು ನಮ್ಮ ಊರುಗಳಲ್ಲಿ ಐಷಾರಾಮವೆನಿಸುವುದಿಲ್ಲ.

ಹೊಗೆಯು ಸಿಬ್ಬಂದಿಯನ್ನಷ್ಟೇ ಅಲ್ಲ, ದತ್ತಾಂಶವನ್ನೂ ಕೆಡಿಸುತ್ತದೆ ಎಂಬುದನ್ನು ಸಂಶೋಧಕರಿಗೆ ತಿಳಿಸಿದರೆ ಅವರ ಆಸಕ್ತಿ ಹೆಚ್ಚುವುದುಂಟು. ಉಸಿರಿನ ಕಾರ್ಬನ್ ಮಾನಾಕ್ಸೈಡ್ ಮಾಪಕವನ್ನು ಹೊಗೆ ತುಂಬಿದ ಕೋಣೆಯಲ್ಲಿ ಶೂನ್ಯಕ್ಕೆ ಹೊಂದಿಸಿದರೆ ಓದು ತಪ್ಪುತ್ತದೆ. ಆದ್ದರಿಂದ ಆ ಪರೀಕ್ಷೆಯನ್ನು ಬೇರೆ ಕೋಣೆಯಲ್ಲಿಯೇ ಮಾಡಬೇಕು. ಈಗಷ್ಟೇ ಸೇದಿದ ಬೆರಳುಗಳಿಂದ ಲಾಲಾರಸದ ಕೊಳವೆಯನ್ನು ಮುಟ್ಟಿದರೆ ನಿಕೋಟಿನ್ ಅಂಶ ಅದಕ್ಕೂ ಅಂಟಬಹುದು. ಕೈ ತೊಳೆಸಿ, ಪ್ರತಿ ಕಂತಿನ ಜೊತೆ ಲಾಲಾರಸವಿಲ್ಲದ ಖಾಲಿ ಮಾದರಿಯೊಂದನ್ನು ಹೋಲಿಕೆಗೆ ಇಡಿ, ವಿಶ್ಲೇಷಣೆಯ ಕೋಣೆಯನ್ನು ದೂರದಲ್ಲಿರಿಸಿ.

ಧೂಮಪಾನ ಯಂತ್ರಗಳಿದ್ದರೆ

ಮನುಷ್ಯರ ಬದಲು ಯಂತ್ರವೇ ಸೇದುವ ಪ್ರಯೋಗಾಲಯಗಳಲ್ಲಿ ಹೊಗೆ ಕಡಿಮೆಯೆಂದು ಭಾವಿಸಬೇಡಿ. ಇಂಥ ಯಂತ್ರಗಳಿಗಿರುವ ಅಂತರರಾಷ್ಟ್ರೀಯ ಮಾನಕವಾದ ಐಎಸ್ಒ 3308 ಪದ್ಧತಿಯಲ್ಲಿ ನಿಮಿಷಕ್ಕೊಮ್ಮೆ 2 ಸೆಕೆಂಡುಗಳ, 35 ಮಿಲಿಲೀಟರಿನ ದಮ್ಮು ಎಳೆಯಲಾಗುತ್ತದೆ. ತೀವ್ರ ಪದ್ಧತಿಯಲ್ಲಿ 30 ಸೆಕೆಂಡಿಗೊಮ್ಮೆ 55 ಮಿಲಿಲೀಟರ್. 20 ಸಿಗರೇಟುಗಳ ಯಂತ್ರವೊಂದು ಓಡುತ್ತಿರುವಾಗ ತುದಿಗಳಿಂದ ಏಳುವ ಹೊಗೆಯು ಒಂದು ಸಭೆಯಷ್ಟು ಜನ ಒಟ್ಟಿಗೆ ಸೇದಿದಂತಿರುತ್ತದೆ. ಯಂತ್ರ ಪೂರ್ತಿ ಮುಚ್ಚಿದ ಆವರಣದಲ್ಲಿರಬೇಕು. ಆದರೆ ಅಲ್ಲಿನ ಎಳೆತವನ್ನು ಮನಬಂದಂತೆ ಹೆಚ್ಚಿಸುವಂತಿಲ್ಲ: ಸಿಗರೇಟಿನ ಸುತ್ತ ಗಾಳಿಯ ವೇಗ ಸೆಕೆಂಡಿಗೆ ಸುಮಾರು 200 ಮಿಲಿಮೀಟರ್ ಇರಬೇಕೆಂದು ಪದ್ಧತಿಯೇ ಹೇಳುತ್ತದೆ, ಹೆಚ್ಚಾದರೆ ಉರಿಯುವ ರೀತಿಯೇ ಬದಲಾಗಿ ಫಲಿತಾಂಶ ಕೆಡುತ್ತದೆ. ಹೊಗೆಯ ಕಣಗಳನ್ನು ಹಿಡಿಯಲು ಯಂತ್ರದಲ್ಲಿಡುವ ಕೇಂಬ್ರಿಜ್ ಸೋಸುಪಟ್ಟಿಯನ್ನು ದಾಟಿದ ಹೊಗೆ ನೋಡಲು ಸ್ವಚ್ಛವಾಗಿದ್ದರೂ ಅದರಲ್ಲಿ ಅನಿಲಗಳೆಲ್ಲ ಉಳಿದಿರುತ್ತವೆ, ಹಾಗಾಗಿ ಯಂತ್ರದ ಹೊರನಳಿಕೆಯನ್ನೂ ಅನಿಲ ಸಂಗ್ರಹದ ಚೀಲ ಖಾಲಿ ಮಾಡುವ ನಳಿಕೆಯನ್ನೂ ಹೊರಹರಿವಿನ ಕೊಳವೆಗೇ ಜೋಡಿಸಬೇಕು. ಈ ಚೀಲಗಳನ್ನು ಮೇಜಿನ ಬಳಿ ಹಿಂಡಿ ಖಾಲಿ ಮಾಡುವ ಅಭ್ಯಾಸವಿದ್ದಲ್ಲಿ ಅದನ್ನು ಇಂದೇ ನಿಲ್ಲಿಸಿ.

ಮೇಲ್ಮೈಗಳು ಮತ್ತು ಸ್ವಚ್ಛತೆ

ಗಾಳಿ ತಿಳಿಯಾದ ಮೇಲೂ ಹೊಗೆಯ ಅಂಶ ಗೋಡೆ, ಕುರ್ಚಿ, ಬಟ್ಟೆಗಳಲ್ಲಿ ಉಳಿಯುತ್ತದೆ. ಹೀಗೆ ಅಂಟಿದ ನಿಕೋಟಿನ್ ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಡನೆ ಸೇರಿ ಕ್ಯಾನ್ಸರ್‌ಕಾರಕ ನೈಟ್ರೋಸಮೈನುಗಳಾಗುತ್ತದೆ ಎಂದು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಸಂಶೋಧಕರು 2010ರಲ್ಲಿ ತೋರಿಸಿದರು. ಪರದೆ, ಜಮಖಾನೆ, ಮೆತ್ತೆಯ ಕುರ್ಚಿ ಈ ಕೋಣೆಗೆ ಬೇಡ. ತೊಳೆಯಬಹುದಾದ ಎನಾಮೆಲ್ ಬಣ್ಣದ ಗೋಡೆ ಮತ್ತು ಉಕ್ಕಿನ ಅಥವಾ ಪ್ಲಾಸ್ಟಿಕ್ಕಿನ ಆಸನ ಸಾಕು. ಸ್ವಚ್ಛತಾ ಸಿಬ್ಬಂದಿ ಕಾಯುವ ಸಮಯ ಪೂರ್ತಿ ಕಳೆದ ಮೇಲೆಯೇ ಒಳಗೆ ಹೋಗಬೇಕು, ಕೈಗವಸು ಹಾಕಿಕೊಳ್ಳಬೇಕು, ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ನಿಕೋಟಿನ್ ಕ್ಷಾರ ಗುಣದ ವಸ್ತುವಾದ್ದರಿಂದ ತೆಳುವಾದ ವಿನೆಗರ್ ನೀರು ಅದನ್ನು ಕರಗಿಸಿ ತೆಗೆಯಲು ನೆರವಾಗುತ್ತದೆ. ಈ ಸೂಚನೆಗಳು ಕನ್ನಡದಲ್ಲಿರಲಿ. ಗುತ್ತಿಗೆಯ ಮೇಲೆ ಬರುವ ಹೊಸಬರಿಗೆ ಪ್ರತಿ ಬಾರಿಯೂ ಬಾಯಿಮಾತಿನಲ್ಲಿ ವಿವರಿಸಬೇಕು. ವಾಸನೆ ಮುಚ್ಚುವ ಸುಗಂಧದ ಸಿಂಪಡಣೆ ಬೇಡ, ಅದು ಹೊಗೆ ಉಳಿದಿರುವುದನ್ನು ಮರೆಮಾಚುತ್ತದೆ.

ಮೂಗನ್ನಲ್ಲ, ಮಾಪಕವನ್ನು ನಂಬಿ

ಮೂಗು ವಾಸನೆಗೆ ಬೇಗ ಒಗ್ಗಿಕೊಳ್ಳುವುದರಿಂದ ದಿನವೂ ಅಲ್ಲಿರುವವರಿಗೆ ಹೊಗೆ ಇಲ್ಲವೆಂದೇ ತೋರುತ್ತದೆ. ಲೇಸರ್ ಕಣಮಾಪಕಗಳೆರಡನ್ನು, ಒಂದನ್ನು ಕೋಣೆಯಲ್ಲಿ ಮತ್ತು ಇನ್ನೊಂದನ್ನು ಹೊರಗಿನ ಪಡಸಾಲೆಯಲ್ಲಿ, ಇಡಿ. ಇಂಥ ಯಂತ್ರಗಳು ಕಾರ್ಖಾನೆಯಲ್ಲಿ ಬೇರೆ ಬಗೆಯ ಧೂಳಿಗೆ ಹೊಂದಿಸಲ್ಪಟ್ಟಿರುವುದರಿಂದ ತಂಬಾಕಿನ ಹೊಗೆಯನ್ನು ಹೆಚ್ಚಾಗಿ ತೋರಿಸುತ್ತವೆ. ಸೈಡ್‌ಪ್ಯಾಕ್ ಎಂಬ ಹೆಸರಾಂತ ಮಾಪಕದ ಓದನ್ನು 0.32ರಿಂದ ಗುಣಿಸುವುದು ರೂಢಿ. ದೀಪಾವಳಿಯ ದಿನಗಳಲ್ಲಿ ಹೊರಗಿನ ಗಾಳಿಯೇ ಕೆಟ್ಟಿರುವುದರಿಂದ ಹಿನ್ನೆಲೆಯ ಪ್ರಮಾಣವನ್ನು ಕಳೆಯದೆ ಯಾವ ತೀರ್ಮಾನಕ್ಕೂ ಬರಬೇಡಿ.

ಗುತ್ತಿಗೆದಾರರು ಹೇಳಿದ 12 ಬದಲಾವಣೆ ನಿಜವೇ ಎಂಬುದನ್ನು ಇದೇ ಮಾಪಕದಿಂದ ತಿಳಿಯಬಹುದು. ಸಿಗರೇಟು ಬೇಡ, ಊದುಬತ್ತಿಯೇ ಸಾಕು. ಅದನ್ನು ಉರಿಸಿ ನಂದಿಸಿ, ಹೊರಬಂದು, ಪ್ರತಿ ನಿಮಿಷದ ಓದನ್ನು ದಾಖಲಿಸಿ. ಹಿನ್ನೆಲೆ ಕಳೆದ ಪ್ರಮಾಣ ಅರ್ಧಕ್ಕಿಳಿಯಲು ಮೂರೂವರೆ ನಿಮಿಷ ಹಿಡಿದರೆ ಗಂಟೆಗೆ 12 ಬದಲಾವಣೆ ಇದೆಯೆಂದು ಅರ್ಥ. 7 ನಿಮಿಷ ಹಿಡಿದರೆ 6 ಮಾತ್ರ. ಕೆಲವು ಕಣಗಳು ಗೋಡೆಗೆ ಅಂಟಿಯೂ ಕಡಿಮೆಯಾಗುವುದರಿಂದ ಈ ಲೆಕ್ಕ ಫ್ಯಾನಿನ ಪರವಾಗಿ ತುಸು ವಾಲಿರುತ್ತದೆ. ಕೊಳವೆಯಲ್ಲಿ ಜಿಡ್ಡು ಕಟ್ಟಿ ಎಳೆತ ತಗ್ಗುವುದರಿಂದ ಈ ಪರೀಕ್ಷೆಯನ್ನು ಪ್ರತಿ ತ್ರೈಮಾಸಿಕದಲ್ಲಿ ಮರುಕಳಿಸಿ.

ಸಿಬ್ಬಂದಿಯ ದೇಹಕ್ಕೆ ಹೊಗೆ ಎಷ್ಟು ಸೇರಿದೆಯೆಂಬುದನ್ನು ಲಾಲಾರಸದ ಕೋಟಿನಿನ್, ಅಂದರೆ ನಿಕೋಟಿನ್ ದೇಹದಲ್ಲಿ ಮಾರ್ಪಟ್ಟು ಆಗುವ ವಸ್ತು, ಹೇಳುತ್ತದೆ. ದೇಹದಲ್ಲಿ ಅದರ ಅರ್ಧಾಯು ಸುಮಾರು 16 ಗಂಟೆಗಳಾದ್ದರಿಂದ ವಾರದ ಕೆಲಸದ ಕೊನೆಯ ದಿನ ಸಂಜೆ ಮಾದರಿ ಪಡೆಯುವುದು ಸೂಕ್ತ. ಅಧ್ಯಯನ ಶುರುವಾಗುವ ಮೊದಲೂ ಒಂದು ಮಾದರಿ ಇರಬೇಕು. ಮನೆಯಲ್ಲಿ ತಂದೆಯೋ ಗಂಡನೋ ಸೇದುವವರಾದರೆ ಅದರ ಪಾಲನ್ನು ಬೇರೆ ಮಾಡಿ ನೋಡಲು ಇದು ಬೇಕು. ಫಲಿತಾಂಶ ಆಯಾ ವ್ಯಕ್ತಿಗೆ ಮಾತ್ರ ತಿಳಿಯಬೇಕು, ಮುಖ್ಯಸ್ಥರಿಗೆ ಹೆಸರಿಲ್ಲದ ಒಟ್ಟು ಚಿತ್ರ ಸಾಕು. ಧೂಮಪಾನಿಗಳಲ್ಲದ ಯಾರಲ್ಲಾದರೂ ಮೊದಲಿನ ಮಟ್ಟಕ್ಕಿಂತ ಏರಿಕೆ ಕಂಡುಬಂದರೆ, ಹೊಗೆ ಯಾವ ಸಂದಿನಿಂದ ಬಂತೆಂದು ಪತ್ತೆಯಾಗುವವರೆಗೆ ಪ್ರಯೋಗಗಳನ್ನು ನಿಲ್ಲಿಸುವ ಅಧಿಕಾರ ಸುರಕ್ಷತಾ ಅಧಿಕಾರಿಗೆ ಇರಬೇಕು, ಮತ್ತು ಆ ಅಧಿಕಾರವನ್ನು ಪ್ರಸ್ತಾವದಲ್ಲಿಯೇ ಬರೆದಿಟ್ಟಿರಬೇಕು.